ಕೊಂಡವನಿಗಿಲ್ಲದ ಒಡೆತನ

ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನ ದೇವಪುರವು ಕಡೂರು ತಾಲ್ಲೂಕಿನ ದೇವನೂರೋ, ಸಗರನಾಡಿನಲ್ಲಿ ಸುರಪುರಕ್ಕೆ ಸೇರಿದ ದೇವಾಪುರವೋ ಎಂಬ ವಿಷಯವಾಗಿ ವಿದ್ವಾಂಸರು ಹಿಂದೆ ಸಾಕಷ್ಟು ವಾದಿಸಿರುವರು. ಬಹುಮಂದಿ ದೇವನೂರನ್ನೇ ಒಪ್ಪಿರುವರಾದರೂ ಈ ಸುರಪುರ ಸೀಮೆಯ ಕಾವ್ಯಾಭಿಮಾನಿಗೆ ಕವಿ ತನ್ನ ನೆಲದವನೆಂಬ ಆಸೆ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಕವಿಯ ಊರಿನ ಬಗ್ಗೆ ಹೀಗೆ ವ್ಯಾಜ್ಯ ಹುಟ್ಟಿತಾದರೂ ಕಾವ್ಯದ ಪ್ರತಿಯ ಬಗ್ಗೆ ವ್ಯಾಜ್ಯಕ್ಕೆ ಎಡೆಯಿರಲಿಲ್ಲ. ವಾರ್ಧಕ ಷಟ್ಪದಿಯ ಆ 34 ಸಂಧಿಗಳನ್ನು ಲಿಪಿಕಾರನಿಂದ ಓಲೆಗರಿಯ ಮೇಲೆ ಬರೆಯಿಸಿಕೊಂಡ ಗೃಹಸ್ಥನು ಅದನ್ನು ತಾನು ಓದಬಹುದಾಗಿತ್ತು, ಗಮಕಿಯಿಂದ ಓದಿಸಬಹುದಾಗಿತ್ತು, ನೆರೆಯವನಿಗೆ ಎರವಲು ಕೊಡಬಹುದಾಗಿತ್ತು, ಕಾಲಾಂತರದಲ್ಲಿ ಮಕ್ಕಳ ಪಾಲಿಗೆ ಬಿಡಬಹುದಾಗಿತ್ತು. ಕರ್ತೃತ್ವದ ಗೌರವ ಕವಿಯದು, ಓಲೆಯ ಕಟ್ಟು ಬರೆಯಿಸಿಕೊಂಡವನದು; ಇವೆರಡರ ನಡುವೆ ವಿರೋಧವನ್ನು ಕಲ್ಪಿಸುವ ಪ್ರಸಂಗವೇ ನಮ್ಮ ಹಿರಿಯರಿಗೆ ಒದಗಲಿಲ್ಲ.

ಆ ಪ್ರಸಂಗ ನಮಗೆ ಒದಗಿದೆ. ಫೋನಿನಲ್ಲಿ ದುಡ್ಡು ತೆತ್ತು ಇಳಿಸಿಕೊಂಡ ಆಟ, ಅಂಗಡಿಯ ಲೆಕ್ಕಕ್ಕೆಂದು ಕೊಂಡ ತಂತ್ರಾಂಶ, ಹಾಡು, ಚಲನಚಿತ್ರ, ಪುಸ್ತಕ, ಇವೆಲ್ಲವನ್ನೂ ನಾವು ಕೊಂಡೆವೆಂದು ಭಾವಿಸಿರುವೆವಷ್ಟೆ. ಆದರೆ ಕೊಳ್ಳುವಾಗ ಓದದೆಯೇ ಒಪ್ಪಿಗೆಯೊತ್ತಿದ ಆ ದೀರ್ಘವಾದ ಕರಾರುಪತ್ರವನ್ನು ಎಂದಾದರೂ ಬಿಡುವಿದ್ದಾಗ ಓದಿನೋಡಿದರೆ, ನಮಗೆ ದೊರೆತುದು ವಸ್ತುವಲ್ಲ, ಕಂಪನಿಯು ತನಗೆ ತೋರಿದಾಗ ಹಿಂತೆಗೆದುಕೊಳ್ಳಬಹುದಾದ ಬಳಕೆಯ ಅನುಮತಿ ಮಾತ್ರ ಎಂಬುದು ತಿಳಿದುಬರುತ್ತದೆ. ಇದು ಬೆಂಗಳೂರಿನ ವಕೀಲರು ಚರ್ಚಿಸಿಕೊಳ್ಳತಕ್ಕ ಸೂಕ್ಷ್ಮವೆಂದು ದೇವಾಪುರದವನು ಉದಾಸೀನನಾಗಿರಲು ಬರುವಂತಿಲ್ಲ.

ಸುರಪುರ, ಶಹಾಪುರ, ಯಾದಗಿರಿಗಳಂಥ ಪೇಟೆಗಳಲ್ಲಿ ಲಗ್ನಪತ್ರಿಕೆಯನ್ನೂ ಜಾತ್ರೆಯ ಕರಪತ್ರವನ್ನೂ ಜೋಡಿಸಿಕೊಡುವ ಡಿಟಿಪಿ ಅಂಗಡಿಯ ಕಡೆಗೆ ಒಮ್ಮೆ ನೋಡಬೇಕು. ಕನ್ನಡದಲ್ಲಿ ಪುಟ ಜೋಡಿಸುವವರಲ್ಲಿ ಎಷ್ಟೋ ಮಂದಿ ಈ ಹೊತ್ತಿಗೂ ಪೇಜ್‌ಮೇಕರ್ ತಂತ್ರಾಂಶವನ್ನು ಬಿಟ್ಟಿಲ್ಲ. 2001ರಲ್ಲಿ ಹೊರಟ ಅದರ ಏಳನೆಯ ಆವೃತ್ತಿಯೇ ಕೊನೆಯದು; ಹೊರತಂದ ಅಡೋಬಿ ಕಂಪನಿಯೇ ಅದನ್ನು ಕೈಬಿಟ್ಟು ಬಹಳ ಕಾಲವಾಯಿತು. ಕನ್ನಡಿಗನು ಮಾತ್ರ ಅದಕ್ಕೆ ಅಂಟಿಕೊಂಡಿರುವುದು ಸೋಮಾರಿತನದಿಂದಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ಲಿಪಿಗೆ ಒಬ್ಬೊಬ್ಬ ತಯಾರಕನು ಒಂದೊಂದು ಸಂಕೇತಕ್ರಮವನ್ನು ಕಲ್ಪಿಸಿದ್ದನಾದುದರಿಂದ ಒಂದು ತಂತ್ರಾಂಶದಲ್ಲಿ ಬರೆದುದು ಮತ್ತೊಂದರಲ್ಲಿ ತೆರೆಯುತ್ತಿರಲಿಲ್ಲ. ತೆರೆದರೂ ಕನ್ನಡಕ್ಕೆ ಬದಲಾಗಿ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಅನರ್ಥದ ಸಾಲುಗಳು ಕಾಣಿಸುತ್ತಿದ್ದವು. ಹೀಗಾಗಿ ತನ್ನ ಹಳೆಯ ಕಡತಗಳನ್ನು ತಾನೇ ಓದಬೇಕಾದರೆ ಆ ಹಳೆಯ ಫಾಂಟನ್ನೂ ಆ ಹಳೆಯ ತಂತ್ರಾಂಶವನ್ನೂ ಅದು ಓಡುವಂಥ ಹಳೆಯ ಯಂತ್ರವನ್ನೂ ಕಾಪಾಡಿಕೊಂಡಿರಬೇಕಾದ ದುರವಸ್ಥೆ ಅಂಗಡಿಯವನಿಗೆ ಮಾತ್ರವಲ್ಲ, ಆ ಕಾಲದಲ್ಲಿ ಕನ್ನಡವನ್ನು ಬೆರಳಚ್ಚು ಮಾಡಿದ ಪ್ರತಿಯೊಬ್ಬ ಲೇಖಕನಿಗೂ ಒದಗಿತು. ಬರೆದವನು ತಾನು, ಮಾತು ತನ್ನದು, ಕಡತವಿರುವುದು ತನ್ನ ಮೇಜಿನ ಮೇಲೆ. ಆದರೂ ಓದುವ ಅಧಿಕಾರ ಪರಾಧೀನ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತೆಂಬುದನ್ನು ನೆನೆದರೆ, ನಾವು ಅದನ್ನು ಕೈಗೆತ್ತಿಕೊಳ್ಳಲು ಮಾಡಿದ ವಿಳಂಬಕ್ಕೆ ಎಷ್ಟು ಬರವಣಿಗೆ ಬಲಿಯಾಯಿತೋ ಎಂದು ವ್ಯಥೆಯಾಗುತ್ತದೆ.

ಈ ಪರಾಧೀನತೆಯನ್ನು ಕಂಡು ಸುಮ್ಮನಿರದವರೂ ನಮ್ಮಲ್ಲಿದ್ದರು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನನುಸರಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಅದರ ಮೇಲೆ ಸ್ವಾಮ್ಯವನ್ನು ಸ್ಥಾಪಿಸಿಕೊಳ್ಳದೆ ನಾಡಿಗೆ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಕೀಲಿಮಣೆಗೆ ಅದೇ ತಳಹದಿಯಾಯಿತು. ಶೇಷಾದ್ರಿವಾಸು ಅವರು 1998ರಲ್ಲಿ ಬರಹ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಪೂರ್ಣಚಂದ್ರ ತೇಜಸ್ವಿಯವರು ಕತೆ ಕಾದಂಬರಿಗಳ ನಡುವೆ ಬಿಡುವು ಮಾಡಿಕೊಂಡು ಕನ್ನಡ ತಂತ್ರಾಂಶಕ್ಕಾಗಿ ಹೋರಾಡಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಕುವೆಂಪು ತಂತ್ರಾಂಶವು ಹೊರಬರುವಂತೆ ಶ್ರಮಿಸಿದರು. ಲೇಖಕನೊಬ್ಬನು ಇಂಥ ಗೊಡವೆಗೇಕೆ ಹೋಗಬೇಕೆಂದು ಆಗ ಮೂಗುಮುರಿದವರು ಇದ್ದಿದ್ದರೆ, ಆ ಹೋರಾಟದ ಬೆಲೆ ಅವರಿಗೂ ಈಗ ಅರ್ಥವಾಗಿರಬೇಕು.

ಇನ್ನು ಆಟಗಳ ವಿಚಾರ. ಹಿರಿಯರು ಈ ಮಾತು ಬಂದೊಡನೆ ಹುಬ್ಬುಗಂಟಿಕ್ಕುವರು; ಹುಡುಗರು ಕೆಡುವರೆಂಬುದೊಂದೇ ಅವರ ಆಕ್ಷೇಪ. ನಮ್ಮ ಶಾಸನಸಭೆಗಳ ದೃಷ್ಟಿಯೂ ಬಹುಮಟ್ಟಿಗೆ ಅಷ್ಟೇ: ಕರ್ನಾಟಕವು 2021ರಲ್ಲಿ ಪಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಹೈಕೋರ್ಟು 2022ರ ಫೆಬ್ರವರಿ 14ರಂದು ಆ ನಿಷೇಧದ ಕಲಮುಗಳನ್ನು ತಳ್ಳಿಹಾಕಿತು, ಸಂಸತ್ತು 2025ರ ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನನ್ನು ತಂದಿತು. ಜೂಜು ಕೇಡೆಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ ಪಣವಿಲ್ಲದ ಆಟವನ್ನು ನ್ಯಾಯವಾಗಿ ಹಣ ಕೊಟ್ಟು ಆಡುವವನ ಹಕ್ಕೇನೆಂಬ ಪ್ರಶ್ನೆಯನ್ನು ಈ ಗದ್ದಲದಲ್ಲಿ ಕೇಳಿದವರು ವಿರಳ.

ಪಬ್‌ಜಿಯ ಕತೆಯನ್ನೇ ನೋಡಿರಿ. ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ಅದನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಭಾರತದಲ್ಲಿ ಅದರ ಸರ್ವರುಗಳು ನಿಂತವು. ಮರುವರ್ಷ ಜುಲೈ 2ರಂದು ಬಿಜಿಎಂಐ ಎಂಬ ಹೊಸ ಹೆಸರಿನಿಂದ ಅದೇ ಆಟ ಮರಳಿತು. 2022ರ ಜುಲೈನಲ್ಲಿ ಫೋನಿನ ಅಂಗಡಿಗಳಿಂದ ಮತ್ತೆ ಮಾಯವಾಗಿ 2023ರ ಮೇ ತಿಂಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ದೇಶದ ಭದ್ರತೆಯ ಕಾರಣಕ್ಕೆ ಸರ್ಕಾರವು ನಿಷೇಧ ಹೇರಿದುದನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ನನ್ನ ಪ್ರಶ್ನೆ ಚಿಕ್ಕದು: ಆಟದೊಳಗಿನ ಯುಸಿ ನಾಣ್ಯಕ್ಕೂ ಬಂದೂಕಿನ ಹೊದಿಕೆಗೂ ಕೈಖರ್ಚಿನ ಹಣವನ್ನು ಸುರಿದ ಹುಡುಗನ ಸೊತ್ತು ಆ ಎಂಟು ತಿಂಗಳ ಕಾಲ ಯಾರದಾಗಿತ್ತು? ಕಂಪನಿಯು ಮರಳಿ ಬಂದಾಗ ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳಲು ಅವಕಾಶ ಕೊಟ್ಟಿತು, ನಿಜ. ಕೊಡದಿದ್ದರೆ ಕೇಳುವವರಿರಲಿಲ್ಲವೆಂಬುದೂ ಅಷ್ಟೇ ನಿಜ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಿದ ದಿ ಕ್ರೂ ಎಂಬ ಕಾರೋಟದ ಆಟವನ್ನು 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬನೇ ಕುಳಿತು ಆಡಲು ಬರುತ್ತಿದ್ದ ಭಾಗವೂ ಸರ್ವರನ್ನೇ ನೆಚ್ಚಿದ್ದುದರಿಂದ, ಬೆಲೆ ಕೊಟ್ಟು ಡಿಸ್ಕನ್ನು ಮನೆಯಲ್ಲಿಟ್ಟುಕೊಂಡವನಿಗೂ ಅದು ನಿರುಪಯುಕ್ತವಾಯಿತು. ಐರೋಪ್ಯರು ಸುಮ್ಮನೆ ಕೂರಲಿಲ್ಲ. ಮಾರಿದ ಆಟವನ್ನು ಆಡಲು ಬಾರದಂತೆ ಕೊಲ್ಲಕೂಡದೆಂದು ಕೇಳುವ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ರುಜುಗಳನ್ನು ಕೂಡಿಸಿದರು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಅನುಮತಿಯನ್ನಷ್ಟೇ ಕೊಡುತ್ತ ಮಾರಾಟವೆಂದು ಹೇಳಿಕೊಳ್ಳುವ ಅಂಗಡಿಯು ಆ ಸಂಗತಿಯನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದೆಂದು ವಿಧಿಸಲಾಗಿದೆ.

ನಮ್ಮ ದೇಶದಲ್ಲಿ ಈ ವಿಷಯಕವಾಗಿ ನ್ಯಾಯಾಲಯಗಳು ಹೇಳಿರುವುದು ವಿಚಾರಾರ್ಹವಾಗಿದೆ. ಆಂಧ್ರಪ್ರದೇಶ ಸರ್ಕಾರಕ್ಕೂ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್‌ಗೂ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2004ರ ನವೆಂಬರ್ 5ರಂದು, ಸಿದ್ಧರೂಪದಲ್ಲಿ ಮಾರುವ ತಂತ್ರಾಂಶವು ಸರಕೇ ಸರಿ, ಅದಕ್ಕೆ ಮಾರಾಟ ತೆರಿಗೆ ಸಲ್ಲತಕ್ಕದ್ದೆಂದು ತೀರ್ಪಿತ್ತಿತು. ಕರ್ನಾಟಕ ಹೈಕೋರ್ಟು 2011ರಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಬೇರೊಂದು ದಾರಿ ಹಿಡಿದು, ವಿದೇಶದಿಂದ ತಂತ್ರಾಂಶ ತರಿಸಿಕೊಂಡವನು ಕೊಡುವ ಹಣವು ಕೃತಿಸ್ವಾಮ್ಯದ ಬಳಕೆಗೆ ತೆರುವ ರಾಯಧನವೆಂದಿತು. ಆದಾಯ ತೆರಿಗೆ ಇಲಾಖೆಗೆ ಅದರಿಂದ ಅನುಕೂಲವಾಯಿತು. ಹತ್ತು ವರ್ಷಗಳ ತರುವಾಯ, 2021ರ ಮಾರ್ಚ್ 2ರಂದು, ಸುಪ್ರೀಂ ಕೋರ್ಟು ಆ ಅಭಿಪ್ರಾಯವನ್ನು ತಳ್ಳಿಹಾಕಿ, ಕೊಂಡವನಿಗೆ ದೊರೆಯುವುದು ಕೃತಿಸ್ವಾಮ್ಯವಲ್ಲ, ಕೃತಿಯ ಒಂದು ಪ್ರತಿ; ವ್ಯವಹಾರವು ಸರಕಿನ ಮಾರಾಟ ಎಂದು ಸ್ಪಷ್ಟಪಡಿಸಿತು. ಕೃತಿಸ್ವಾಮ್ಯ ಕಾಯಿದೆಯಲ್ಲಿ 1994ರ ತಿದ್ದುಪಡಿಯಿಂದ ಸೇರಿಕೊಂಡಿದ್ದ, ಒಮ್ಮೆ ಮಾರಿದ ಪ್ರತಿಯನ್ನು ಪುನಃ ಮಾರುವುದಕ್ಕೂ ಕರ್ತೃವಿನ ಹಿಡಿತವುಂಟೆಂಬ ಅರ್ಥ ಬರುವ ಮಾತನ್ನು ಸಂಸತ್ತು 1999ರಲ್ಲಿಯೇ ತೆಗೆದುಹಾಕಿದೆ. ನ್ಯಾಯವಾಗಿ ಪ್ರತಿಯನ್ನು ಹೊಂದಿದವನು ಅದು ನಷ್ಟವಾದೀತೆಂಬ ಮುನ್ನೆಚ್ಚರಿಕೆಯಿಂದ ನಕಲೊಂದನ್ನು ತೆಗೆದಿಟ್ಟುಕೊಳ್ಳಬಹುದೆಂದೂ ಅದೇ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಕಾಗದದ ಮೇಲೆ, ಆದ್ದರಿಂದ, ನಾವು ಅಷ್ಟೇನೂ ನಿರ್ಗತಿಕರಲ್ಲ. ಆದರೆ ಸರ್ವರನ್ನೇ ಉಸಿರಾಗಿ ಉಳ್ಳ ಆಟಕ್ಕೆ ನಕಲು ತೆಗೆದಿಟ್ಟು ಪ್ರಯೋಜನವೇನು? ಅಂತರ್ಜಾಲದಿಂದ ಇಳಿಸಿಕೊಂಡ ತಂತ್ರಾಂಶವನ್ನು ಜಿಎಸ್‌ಟಿಯು ಸೇವೆಯೆಂದು ಎಣಿಸುವುದು, ಡಿಸ್ಕಿನಲ್ಲಿ ಬಂದುದನ್ನು ಸರಕೆಂದು ಎಣಿಸುವುದು. ಎರಡಕ್ಕೂ ತೆರಿಗೆ ಶೇ 18. ವಸೂಲಿಯ ವೇಳೆಗೆ ಇಷ್ಟು ಜಾಗರೂಕವಾದ ಸರ್ಕಾರವು ಸಂರಕ್ಷಣೆಯ ವೇಳೆಗೆ ತೂಕಡಿಸುವುದು ಶೋಭೆಯಲ್ಲ.

ಕಂಪನಿಗಳ ಪರವಾಗಿ ಹೇಳತಕ್ಕ ಮಾತೂ ಉಂಟು. ನಿಯಂತ್ರಣವು ತಮ್ಮ ಕೈಯಲ್ಲಿರುವುದರಿಂದಲೇ ದೋಷಗಳನ್ನು ಕಾಲಕಾಲಕ್ಕೆ ತಿದ್ದಿ, ಕಳ್ಳರನ್ನು ದೂರವಿಟ್ಟು, ಗಿರಾಕಿಗೆ ಒಳಿತನ್ನೇ ಮಾಡುತ್ತಿರುವೆವೆಂಬುದು ಅವರ ಸಮರ್ಥನೆ. ಸುರಪುರದವರು ಇಂಥ ಮಾತನ್ನು ಹಿಂದೆಯೂ ಕೇಳಿರುವರು. ರಾಜಾ ಕೃಷ್ಣಪ್ಪನಾಯಕನು ತೀರಿಕೊಂಡು ಬಾಲಕನಾದ ವೆಂಕಟಪ್ಪನಾಯಕನಿಗೆ ಪಟ್ಟವಾದಾಗ ಸಂಸ್ಥಾನದ ಆಡಳಿತವು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರನ ಕೈಯಲ್ಲಿತ್ತು, 1853ರವರೆಗೂ. ಟೇಲರನು ದಕ್ಷನೂ ಜನಹಿತೈಷಿಯೂ ಆಗಿದ್ದನೆಂಬುದರಲ್ಲಿ ಭಿನ್ನಾಭಿಪ್ರಾಯ ಬೇಕಾಗಿಲ್ಲ. ಅವನ ಬಂಗಲೆಯಾದ ಟೇಲರ್ ಮಂಜಿಲನ್ನು ಊರವರು ಇಂದಿಗೂ ಅಭಿಮಾನದಿಂದ ತೋರಿಸುವರು. ಆದರೂ ಪಟ್ಟ ಒಬ್ಬನದು, ಕೀಲಿಕೈ ಮತ್ತೊಬ್ಬನದು ಎಂಬ ವ್ಯವಸ್ಥೆಯಲ್ಲಿ ಪಾಲಕನ ಸೌಜನ್ಯ ಎಷ್ಟೇ ಇರಲಿ, ಪಟ್ಟವುಳ್ಳವನು ಒಡೆಯನೆನಿಸಲಾರನು. ಬಾಲಕನಿಗಾದರೋ ಪ್ರಾಪ್ತವಯಸ್ಸಿನ ಒಂದು ಗಡುವಿತ್ತು. ತಂತ್ರಾಂಶ ಕೊಂಡವನಿಗೆ ಅದೂ ಇಲ್ಲ.

ಕಳ್ಳಪ್ರತಿಯ ಪ್ರಸ್ತಾಪವನ್ನು ಬಿಟ್ಟರೆ ಅಪ್ರಾಮಾಣಿಕತೆಯಾದೀತು. ನಮ್ಮ ಸಣ್ಣ ಊರುಗಳಲ್ಲಿ ಓಡುತ್ತಿರುವ ತಂತ್ರಾಂಶದಲ್ಲಿ ಬಹಳಷ್ಟು ಬೆಲೆ ಕೊಟ್ಟು ಕೊಂಡುದಲ್ಲ, ಇದು ಎಲ್ಲರೂ ಬಲ್ಲ ಗುಟ್ಟು. ಅದನ್ನು ನಾನು ಸಮರ್ಥಿಸಲಾರೆ. ಶ್ರಮಪಟ್ಟವನಿಗೆ ಪ್ರತಿಫಲ ಸಲ್ಲಲೇಬೇಕು. ಆದರೆ ಪೇಜ್‌ಮೇಕರನ್ನು ಕೈಬಿಟ್ಟ ಅದೇ ಅಡೋಬಿ ಕಂಪನಿ 2013ರಿಂದೀಚೆಗೆ ತನ್ನ ಚಿತ್ರವಿನ್ಯಾಸ, ಪುಟವಿನ್ಯಾಸ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ರೂಪದಲ್ಲಿ ಮಾತ್ರ ಕೊಡುತ್ತಿರುವುದರಿಂದ, ಒಮ್ಮೆಗೇ ಬೆಲೆ ತೆತ್ತು ನಿಶ್ಚಿಂತನಾಗಬೇಕೆನ್ನುವ ಪ್ರಾಮಾಣಿಕನಿಗೂ ಮಾರ್ಗವಿಲ್ಲದಂತಾಗಿದೆ. ಸುಗ್ಗಿಯೂ ಮದುವೆಯ ಲಗ್ನಗಳೂ ಬಂದಾಗ ಸಂಪಾದಿಸಿ ಮಳೆಗಾಲದಲ್ಲಿ ಕೈಕಟ್ಟಿ ಕೂರುವ ಅಂಗಡಿಯವನಿಗೆ ತಿಂಗಳು ತಪ್ಪದ ಚಂದಾ ಎಂಬುದು ಹೊಂದುವ ಕ್ರಮವಲ್ಲ. ಹಣವಿದ್ದ ವರ್ಷ ಕೊಂಡು ಹತ್ತು ವರ್ಷ ಬಳಸುವುದು ನಮ್ಮ ಸೀಮೆಯ ನಡವಳಿಕೆ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಹೊಲದವರೆಗೂ ಈ ಪ್ರಶ್ನೆ ಬಂದು ನಿಂತಿದೆ. ಸುರಪುರ ಶಹಾಪುರಗಳ ಭೂಮಿಗೆ ನೀರುಣಿಸುವ ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ದೂರದಿಂದಲೇ ಎತ್ತಿ ಇಳಿಸುವ ಸ್ಕಾಡಾ ಎಂಬ ಗಣಕವ್ಯವಸ್ಥೆಯನ್ನು ಅಳವಡಿಸಲಾಗಿದೆ. ಕೊನೆಯ ಹೊಲಕ್ಕೂ ನೀರು ಮುಟ್ಟಿಸುವ ಉದ್ದೇಶದ ಈ ಯತ್ನವನ್ನು ಸ್ವಾಗತಿಸತಕ್ಕದ್ದೇ. ಆದರೆ ಸಾರ್ವಜನಿಕ ಹಣದಿಂದ ಇಂಥದನ್ನು ಕೊಳ್ಳುವಾಗಲೆಲ್ಲ, ನಿರ್ವಹಣೆಯ ಗುತ್ತಿಗೆ ಮುಗಿದ ಮರುದಿನವೂ ಅದನ್ನು ನಡೆಯಿಸುವ, ತಿದ್ದುವ, ಬೇರೆಯವರಿಂದ ದುರಸ್ತಿ ಮಾಡಿಸುವ ಅಧಿಕಾರವು ಸರ್ಕಾರದ ಕೈಯಲ್ಲಿ ಉಳಿಯುವಂತೆ ಕರಾರಿನಲ್ಲಿ ಬರೆಯಿಸಿಕೊಂಡು, ಆ ಕರಾರನ್ನು ರೈತರ ಕಣ್ಣಿಗೂ ಬೀಳುವಂತೆ ಪ್ರಕಟಿಸಬೇಕು. ಆಟ ನಿಂತರೆ ಹುಡುಗನ ಒಂದು ಸಂಜೆ ಹಾಳು. ಗೇಟು ನಿಂತರೆ ಭತ್ತದ ಬೆಳೆಯೇ ಹಾಳು.

ಪರಿಹಾರಕ್ಕೆ ಹೊಸ ಶಾಸ್ತ್ರವನ್ನೇನೂ ರಚಿಸಬೇಕಾಗಿಲ್ಲ. ಗ್ರಾಹಕ ಸಂರಕ್ಷಣಾ ಕಾಯಿದೆ, 2019, ಅನ್ಯಾಯದ ಕರಾರು ಯಾವುದೆಂದು ವಿವರಿಸುತ್ತ, ಯುಕ್ತವಾದ ಕಾರಣವಿಲ್ಲದೆ ಒಂದು ಪಕ್ಷವು ಏಕಪಕ್ಷೀಯವಾಗಿ ಮುರಿಯಬಹುದಾದ ಕರಾರನ್ನೂ ಅದರಲ್ಲಿ ಸೇರಿಸಿದೆ. ನಾವು ಓದದೆ ಒಪ್ಪಿದ ಪತ್ರಗಳಲ್ಲಿ ಎಷ್ಟೋ ಈ ಲಕ್ಷಣಕ್ಕೆ ಚೆನ್ನಾಗಿ ಹೊಂದುತ್ತವೆ. ಕೊರತೆಯಿರುವುದು ಬೇರೆಡೆ. ಅನ್ಯಾಯದ ಕರಾರಿನ ದೂರನ್ನು ಆ ಕಾಯಿದೆಯ ಪ್ರಕಾರ ಜಿಲ್ಲಾ ಆಯೋಗವು ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಒಯ್ಯಬೇಕು. ಮುನ್ನೂರು ರೂಪಾಯಿಯ ಆಟಕ್ಕಾಗಿ ದೇವಾಪುರದ ಹುಡುಗನು ರಾಜ್ಯ ಆಯೋಗದ ಮೆಟ್ಟಿಲು ಹತ್ತುವನೆಂದು ಯಾರೂ ನಿರೀಕ್ಷಿಸಲಾರರು. ಸುರಪುರ, ಶಹಾಪುರ, ಯಾದಗಿರಿ ಮೂರೂ ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಸಣ್ಣ ಮೊತ್ತದ ಇಂಥ ದೂರುಗಳನ್ನು ವಿಚಾರಿಸುವ ಅಧಿಕಾರವನ್ನು ಜಿಲ್ಲಾ ಆಯೋಗಗಳಿಗೆ ಕೊಡುವ ತಿದ್ದುಪಡಿಯೊಂದನ್ನು ಆ ಕ್ಷೇತ್ರದ ಸದಸ್ಯರು ಖಾಸಗಿ ಮಸೂದೆಯಾಗಿಯಾದರೂ ಮುಂದಿನ ಅಧಿವೇಶನದಲ್ಲಿ ಮಂಡಿಸಬೇಕೆಂದು ನನ್ನ ವಿನಂತಿ.