ಜೋಡಿಸಿದ ಗಿಟಾರಿಗೆ ಯಾರ ಹೆಸರು?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಲಿಕೆರೆಯ ನಮ್ಮ ಮನೆಗೆ ಬಂದಿದ್ದ. ಒಂದು ಕಾಲದಲ್ಲಿ ಅರಸೀಕೆರೆ, ಬೇಲೂರು, ಜಾವಗಲ್ಲುಗಳ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದವನು. ಈಗ ತೋಟ, ಮನೆ ಎಂದು ನೆಲೆನಿಂತಿದ್ದಾನೆ. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ; ಶುಲ್ಕಕ್ಕೆ ಹಣ ಸಾಲದು. ಹನ್ನೆರಡು ವರ್ಷ ಜೊತೆಗಿದ್ದ ಎಲೆಕ್ಟ್ರಿಕ್ ಗಿಟಾರನ್ನು ಮಾರಲು ನಿಶ್ಚಯಿಸಿದ್ದಾನೆ. ಕೊಳ್ಳಲು ಅರಸೀಕೆರೆಯ ಕಡೆಯ ಹುಡುಗನೊಬ್ಬ ಆಸೆಪಟ್ಟಿದ್ದಾನಂತೆ.

"ಮೇಷ್ಟ್ರೇ, ಇದಕ್ಕೊಂದು ಒಳ್ಳೆ ಒಕ್ಕಣೆ ಬರೆದುಕೊಡಿ. ನಿಮ್ಮ ಕೈಬರಹದಲ್ಲಿ ಬಂದರೆ ಜನ ನಂಬ್ತಾರೆ" ಎಂದ.

ಶಿಷ್ಯ ಕೇಳಿದನೆಂದು ಲೇಖನಿ ತೆಗೆದೆ. "ಅಸಲಿ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್" ಎಂದು ಮೊದಲ ಸಾಲು ಹೇಳಿದ. ಬರೆದೆ. ಯಾವ ವರ್ಷ ಕೊಂಡದ್ದಪ್ಪ ಎಂದು ಕೇಳಿದೆ. ಅವನು ನಕ್ಕ. "ಇಡಿಯಾಗಿ ಎಲ್ಲಿ ಕೊಂಡೆ ಮೇಷ್ಟ್ರೇ? ಒಡಲು ಬೆಂಗಳೂರಿನ ಮರಗೆಲಸದವರು ಕೊರೆದದ್ದು. ಕತ್ತು ಇನ್ನೊಬ್ಬರ ಹತ್ತಿರ ಕೊಂಡದ್ದು. ಪಿಕಪ್ಪುಗಳು ಎರಡು ಕಂಪನಿಯವು. ಕುದುರೆ ಒಂದು ಮುರಿದ ಗಿಟಾರಿಂದು. ಹಿಂದಿನ ತಗಡು ಮಾತ್ರ ನಿಜವಾದ ಫೆಂಡರಿಂದು. ನಂಬರ್ ಅದರ ಮೇಲೇ ಇದೆ." ಬಳಿಕ ಜೇಬಿನಿಂದ ಒಂದು ಸಣ್ಣ ಕಾಗದ ತೆಗೆದು ತೋರಿಸಿದ. ಗಿಟಾರಿನ ತಲೆಗೆ ಅಂಟಿಸುವ ಫೆಂಡರ್ ಎಂಬ ಹೆಸರಿನ ಚೀಟಿ.

ನಿಜ ಹೇಳಿದರೆ ಇಪ್ಪತ್ತೆರಡು ಸಾವಿರ ಬರಬಹುದಂತೆ. ಚೀಟಿ ಅಂಟಿಸಿದರೆ ಅರವತ್ತೈದು.

ನಾನು ಬರೆದ ಸಾಲನ್ನು ಹೊಡೆದುಹಾಕಿದೆ. ಅವನಿಗೆ ಬೇಸರವಾಯಿತು. ಒಂದು ಗಂಟೆ ವಾದ ಮಾಡಿದ, ಕಾಫಿ ಆರಿಹೋಯಿತು. ಹೊರಡುವಾಗ "ಇದನ್ನೂ ಬೇಕಾದರೆ ಬರೀರಿ ಮೇಷ್ಟ್ರೇ, ನನ್ನ ಹೆಸರು ಮಾತ್ರ ಹಾಕಬೇಡಿ" ಎಂದ. ಹೆಸರು ಹಾಕಿಲ್ಲ. ಆದರೆ ಅವನ ವಾದಗಳಿಗೆ ಅಂದು ಸಮರ್ಪಕವಾಗಿ ಉತ್ತರಿಸಲಾಗಲಿಲ್ಲ. ಇಂದು ಉತ್ತರಿಸುತ್ತೇನೆ. ಇಂಥ ವಾದಗಳನ್ನು ಮಾಡುವವನು ಅವನೊಬ್ಬನೇ ಅಲ್ಲ; ಜಮೀನು, ಕಾರು, ತುಪ್ಪ, ಪದವಿ ಪ್ರಮಾಣಪತ್ರ, ಎಲ್ಲದರ ಮಾರಾಟದಲ್ಲೂ ಇವೇ ಮಾತುಗಳು ಕೇಳಿಬರುತ್ತಿವೆ.

ಮೊದಲಿಗೆ ಒಂದು ತಪ್ಪುಕಲ್ಪನೆಯನ್ನು ದೂರಮಾಡಬೇಕು. ಬೇರೆಬೇರೆ ಭಾಗಗಳನ್ನು ಕೂಡಿಸಿ ವಾದ್ಯ ಮಾಡುವುದು ಅಪರಾಧವೆಂದು ನಾನು ಹೇಳುತ್ತಿಲ್ಲ. ನಮ್ಮ ಪೂರ್ವಿಕರ ವೀಣೆಯಲ್ಲೇ ಎರಡು ಬಗೆಯಿದೆ. ಒಂದೇ ಮರದ ದಿಮ್ಮಿಯಲ್ಲಿ ಕೊರೆದದ್ದು ಏಕಾಂಡ ವೀಣೆ. ಕೊಡ, ದಂಡಿಗಳನ್ನು ಬೇರೆಯಾಗಿ ಮಾಡಿ ಕೂಡಿಸಿದ್ದು ಇನ್ನೊಂದು. ಎರಡರಲ್ಲೂ ನಾದ ಉಂಟು, ಎರಡನ್ನೂ ವಿದ್ವಾಂಸರು ನುಡಿಸುತ್ತಾರೆ. ಆದರೆ ಕೂಡಿಸಿದ ವೀಣೆಯನ್ನು ಏಕಾಂಡವೆಂದು ಮಾರಿದವನನ್ನು ಯಾರೂ ಮರ್ಯಾದಸ್ಥನೆನ್ನುವುದಿಲ್ಲ.

ಎಲೆಕ್ಟ್ರಿಕ್ ಗಿಟಾರಂತೂ ಹುಟ್ಟಿನಿಂದಲೇ ಜೋಡಣೆಯ ವಾದ್ಯ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ ಸ್ವತಃ ಗಿಟಾರ್ ವಾದಕನಾಗಿರಲಿಲ್ಲ. ಕತ್ತನ್ನು ಒಡಲಿಗೆ ಅಂಟಿನಿಂದ ಬೆಸೆಯದೆ ಸ್ಕ್ರೂ ಹಾಕಿ ಬಿಗಿಯುವುದನ್ನು ಅವನು ರೂಢಿಗೆ ತಂದ. ಕತ್ತು ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದು. 1954ರಲ್ಲಿ ಬಂದ ಸ್ಟ್ರ್ಯಾಟೊಕ್ಯಾಸ್ಟರ್ ಹಾಗೆ ನಾಲ್ಕು ಸ್ಕ್ರೂಗಳ ಮೇಲೆ ನಿಂತದ್ದು. 1959ರ ಸುಮಾರಿಗೆ ಅದರ ಕತ್ತಿನ ಮೇಲೆ ಬೀಟೆಮರದ ಹಲಗೆ ಬಂತು. ಮೊದಲು ಬ್ರೆಜಿಲ್ಲಿನ ಬೀಟೆ. ಅದು ದುರ್ಲಭವಾದ ಮೇಲೆ ಭಾರತದ ಬೀಟೆ, ಅಂದರೆ ನಮ್ಮ ಸಕಲೇಶಪುರದ ಕಡೆ ಬೆಳೆಯುವ ಮರದ ಜಾತಿಯೇ, ಜಗತ್ತಿನ ಗಿಟಾರುಗಳ ಮೇಲೆ ಕುಳಿತಿತು. ಒಂದೇ ವಾದ್ಯದಲ್ಲಿ ಎಷ್ಟು ಊರುಗಳು ಸೇರಿವೆ ನೋಡಿ. ಜೋಡಿಸುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಈಗ ಅವನ ವಾದಗಳಿಗೆ ಬರುತ್ತೇನೆ.

"ಫೆಂಡರ್ ಕಾರ್ಖಾನೆಯವರೂ ಬುಟ್ಟಿಯಿಂದ ಕೈಗೆ ಸಿಕ್ಕ ಕತ್ತು, ಕೈಗೆ ಸಿಕ್ಕ ಒಡಲು ತೆಗೆದು ಸೇರಿಸ್ತಿದ್ದರು. ನಾನು ಮಾಡಿದ್ದೂ ಅದನ್ನೇ" ಎಂಬುದು ಮೊದಲನೆಯದು. ಮಾತು ನಿಜ. ಹಳೆಯ ಫೆಂಡರುಗಳಲ್ಲಿ ಕತ್ತಿನ ಬುಡದಲ್ಲಿ ಬರೆದ ತಾರೀಖು ಒಂದಿದ್ದು, ಒಡಲಿನ ತಾರೀಖು ಇನ್ನೊಂದಿರುವುದು ಸಾಮಾನ್ಯ. ಆದರೆ ಹಾಗೆ ಸೇರಿಸಿದ ಮೇಲೆ ಕಾರ್ಖಾನೆ ಅದರ ತಲೆಯ ಮೇಲೆ ತನ್ನ ಹೆಸರನ್ನು ಹಾಕುತ್ತಿತ್ತು. ಕತ್ತು ಬಾಗಿದರೆ, ಪಿಕಪ್ ಮೂಕವಾದರೆ, ಕೊಂಡವನು ಯಾರನ್ನು ಕೇಳಬೇಕೆಂಬುದು ಆ ಹೆಸರಿನಲ್ಲಿತ್ತು. ವಸ್ತುವಿನ ಮೇಲಿನ ಹೆಸರು ಅಲಂಕಾರವಲ್ಲ, ಅದು ಹೊಣೆ. ನೀನು ಜೋಡಿಸಿದ ಗಿಟಾರಿಗೆ ಸಾವಿರಾರು ಮೈಲಿಯಾಚೆಯ ಕಾರ್ಖಾನೆಯನ್ನು ಹೊಣೆ ಮಾಡಲು ನಿನಗೆ ಅಧಿಕಾರ ಕೊಟ್ಟವರು ಯಾರು?

"ತಗಡು ಅಸಲಿಯೇ, ನಂಬರೂ ಅಸಲಿಯೇ" ಎಂಬುದು ಎರಡನೆಯ ವಾದ. ಸ್ಟ್ರ್ಯಾಟೊಕ್ಯಾಸ್ಟರಿನ ಕ್ರಮಸಂಖ್ಯೆಯನ್ನು 1970ರ ದಶಕದ ಮಧ್ಯದವರೆಗೆ ಕತ್ತು ಒಡಲು ಕೂಡುವಲ್ಲಿನ ಆ ತಗಡಿನ ಮೇಲೆಯೇ ಒತ್ತುತ್ತಿದ್ದರು. ನಾಲ್ಕು ಸ್ಕ್ರೂ ಬಿಚ್ಚಿದರೆ ತಗಡು ಕೈಗೆ ಬರುತ್ತದೆ. ಯಾವ ಗಿಟಾರಿಗಾದರೂ ಕೂರಿಸಬಹುದು. ನಮ್ಮ ಕಡೆಯ ಹಳ್ಳಿಗಳಲ್ಲಿ ಹೊಯ್ಸಳರ ಕಾಲದ ಕಲ್ಲೊಂದು ಜಗಲಿಗೋ ಕಾಲುವೆಯ ಕಟ್ಟೆಗೋ ಸೇರಿರುವುದನ್ನು ನೀವೆಲ್ಲ ಕಂಡಿದ್ದೀರಿ. ಕಲ್ಲು ನಿಜವಾಗಿಯೂ ಹೊಯ್ಸಳರದೇ. ಹಾಗೆಂದು ಆ ಜಗಲಿ ಹಳೇಬೀಡಿನ ದೇವಾಲಯವಾಗುವುದಿಲ್ಲ. ನಿಜವಾದ ಒಂದು ತುಂಡನ್ನು ಮುಂದಿಟ್ಟು ಉಳಿದುದನ್ನು ಮರೆಮಾಚುವುದು ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು. ಪೂರ್ತಿ ಸುಳ್ಳನ್ನು ಜನ ಬೇಗ ಗುರುತಿಸುತ್ತಾರೆ.

"ಕೊಳ್ಳುವವನು ನೋಡಿ ಕೊಳ್ಳಲಿ" ಎಂಬುದು ಮೂರನೆಯದು. ದನದ ಜಾತ್ರೆಯಲ್ಲಿ ಬೆಳೆದವರು ನಾವು. ಎತ್ತಿನ ಬಾಯಿ ತೆರೆದು ಹಲ್ಲು ಎಣಿಸಿದರೆ ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ತಿಳಿಯುತ್ತದೆ. ನಡೆಸಿ ನೋಡಬಹುದು, ನೊಗ ಕಟ್ಟಿ ನೋಡಬಹುದು. ಮಾರುವವನೂ ಕೊಳ್ಳುವವನೂ ಅಲ್ಲಿ ಸಮಾನ ಬಲ್ಲವರು. ಗಿಟಾರಿನ ಹಲ್ಲು ಎಲ್ಲಿದೆ? ತಂತಿ ಸಡಿಲಿಸಿ, ಕತ್ತು ಬಿಚ್ಚಿ, ಮೇಲಿನ ಹಲಗೆ ತೆಗೆದು, ಬೆಸುಗೆಯ ತುದಿಗಳನ್ನು ಪರೀಕ್ಷಿಸಿದರೆ ಬಲ್ಲವನಿಗೆ ತಿಳಿದೀತು. ಇಪ್ಪತ್ತು ವರ್ಷದ ಹುಡುಗ ಅಷ್ಟೆಲ್ಲ ಬಿಚ್ಚಿ ತೋರಿಸಿರಿ ಎಂದು ಕೇಳುತ್ತಾನೆಯೇ? ಕೇಳಿದರೆ ನೀನು ಬಿಚ್ಚಲು ಬಿಡುತ್ತೀಯಾ? ಕಾನೂನೂ ಹೀಗೆಯೇ ಯೋಚಿಸಿದೆ. ವಸ್ತುವನ್ನು ವರ್ಣಿಸಿ ಮಾರಿದರೆ ವಸ್ತು ಆ ವರ್ಣನೆಗೆ ಸರಿಹೊಂದಲೇಬೇಕು ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆಯ 15ನೆಯ ಕಲಮು. ಇನ್ನೊಬ್ಬರ ವ್ಯಾಪಾರ ಮುದ್ರೆಯನ್ನು ಸುಳ್ಳಾಗಿ ಹಾಕುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಪೊಲೀಸರ ಭಯದಿಂದ ಹುಟ್ಟುವ ಪ್ರಾಮಾಣಿಕತೆಯನ್ನು ನಾನು ತರಗತಿಯಲ್ಲಿ ಕಲಿಸಿರಲಿಲ್ಲ. ಆದ್ದರಿಂದ ಇದನ್ನು ಬೆಳೆಸುವುದಿಲ್ಲ.

ಕೊನೆಯ ವಾದವೇ ನನ್ನನ್ನು ಅಂದು ಸುಮ್ಮನಾಗಿಸಿದ್ದು. "ನಾದ ಚೆನ್ನಾಗಿದೆ. ಹುಡುಗನಿಗೆ ಸಂತೋಷ, ನನಗೆ ದುಡ್ಡು. ಯಾರಿಗೆ ನಷ್ಟ ಮೇಷ್ಟ್ರೇ?"

ಸುಮ್ಮನಾದದ್ದೇಕೆಂದು ಹೇಳಿಬಿಡುತ್ತೇನೆ. ನನ್ನ ಮನೆಯವರಿಗೂ ಈವರೆಗೆ ಹೇಳಿರಲಿಲ್ಲ.

1974ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನ್ನ ಬಳಿ ಒಂದು ಸೈಕಲ್ ಇತ್ತು. ರಿಪೇರಿ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಕೊಂಡದ್ದು. ಫ್ರೇಮು ಒಂದು ಕಡೆಯದು, ರಿಮ್ಮು ಇನ್ನೊಂದು ಕಡೆಯದು, ಮುಂದಿನ ಫೋರ್ಕು ಎಲ್ಲಿಯದೋ. ಹ್ಯಾಂಡಲಿನ ಕೆಳಗೆ ಮಾತ್ರ ಹೆಸರಾಂತ ಕಂಪನಿಯೊಂದರ ಲಾಂಛನದ ತಗಡು ಹೊಳೆಯುತ್ತಿತ್ತು. ಎರಡು ವರ್ಷ ತುಳಿದೆ. ನಮ್ಮ ಶಾಲೆಗೆ ಹೊಸದಾಗಿ ಬಂದ ಕಿರಿಯ ಉಪಾಧ್ಯಾಯರೊಬ್ಬರಿಗೆ ಅದನ್ನು ಆ ಕಂಪನಿಯ ಸೈಕಲ್ಲೆಂದೇ ನೂರನಲವತ್ತು ರೂಪಾಯಿಗೆ ಮಾರಿದೆ. ಆಗಲೂ ಇದೇ ಲೆಕ್ಕ ಹಾಕಿದ್ದೆ: ಸೈಕಲ್ ಚೆನ್ನಾಗಿ ಓಡುತ್ತಿದೆ, ಯಾರಿಗೆ ನಷ್ಟ?

ನಾಲ್ಕು ತಿಂಗಳ ನಂತರ ಇಳಿಜಾರಿನಲ್ಲಿ ಫೋರ್ಕು ಮುರಿಯಿತು. ಅವರ ಬಲಗೈ ಮುರಿಯಿತು. ಆರು ವಾರ ಎಡಗೈಯಲ್ಲಿ ಕಪ್ಪುಹಲಗೆಯ ಮೇಲೆ ಬರೆದರು. ಅಂಗಡಿಯವನು ಫೋರ್ಕು ಆ ಕಂಪನಿಯದಲ್ಲವೆಂದು ಅವರಿಗೆ ಹೇಳಿದ್ದ. ಅವರು ನನ್ನ ಬಳಿ ಬಂದು ಜಗಳವಾಡಲಿಲ್ಲ. "ನಿಮಗೂ ಗೊತ್ತಿರಲಿಲ್ಲ ಅಲ್ಲವೇ ಸಾರ್?" ಎಂದು ಕೇಳಿದರು. ನಾನು "ಗೊತ್ತಿರಲಿಲ್ಲ" ಎಂದೆ.

ಅವರು ಈಗ ಇಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸತ್ಯ ನುಡಿಯಬೇಕೆಂದು ಪಾಠ ಮಾಡಿದೆ. ಆ ಒಂದು ಪದವನ್ನು ಹಿಂತೆಗೆದುಕೊಳ್ಳಲು ಮಾತ್ರ ಧೈರ್ಯವಾಗಲಿಲ್ಲ. ಗಿಟಾರಿನಿಂದ ಯಾರ ಕೈಯೂ ಮುರಿಯುವುದಿಲ್ಲ, ಒಪ್ಪಿದೆ. ಆದರೆ ಆ ಹುಡುಗ ಒಂದು ದಿನ ಹಣದ ತೊಂದರೆಗೆ ಸಿಕ್ಕಿ ಅದನ್ನು ಬೆಂಗಳೂರಿನ ಅಂಗಡಿಗೆ ಒಯ್ಯುತ್ತಾನೆ. ಅಂಗಡಿಯವನು ನಾಲ್ಕು ಸ್ಕ್ರೂ ಬಿಚ್ಚುತ್ತಾನೆ. ಅಂದು ಅವನು ಕಳೆದುಕೊಳ್ಳುವುದು ನಲವತ್ತಮೂರು ಸಾವಿರವನ್ನಷ್ಟೇ ಅಲ್ಲ. ತಾನು ಅಣ್ಣ ಎಂದು ಕರೆದು ನಂಬಿದವನನ್ನು. ನಷ್ಟ ಇಲ್ಲವೆನ್ನುವುದು ತಪ್ಪು. ಅದು ತಡವಾಗಿ ಬರುತ್ತದೆ, ನಮ್ಮ ಕಣ್ಣೆದುರಿಗೆ ಬರುವುದಿಲ್ಲ, ಅಷ್ಟೇ.

ಹಾಗಾದರೆ ಜೋಡಿಸಿದ ಗಿಟಾರನ್ನು ಮಾರುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಕಲ್ಲುಗಳಲ್ಲೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ 1246ರದು. ಅದರ ಹೊರಗೋಡೆಯ ಒಂದು ಬದಿಯ ವಿಗ್ರಹಗಳು ಬೈಚೋಜನವು, ಇನ್ನೊಂದು ಬದಿಯವು ಮಲ್ಲಿತಮ್ಮನವು. ಒಂದೇ ಗುಡಿ, ಎರಡು ಕೈ, ಎರಡು ಶೈಲಿ. ಇಬ್ಬರೂ ತಮ್ಮ ತಮ್ಮ ಹೆಸರನ್ನು ಕೊರೆದಿದ್ದಾರೆ. ಅದಕ್ಕೂ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ವಿಗ್ರಹಗಳ ಕೆಳಗೆ ಹೆಸರು ಬರೆದಿದ್ದರು. ದಾಸೋಜನ ಕೀರ್ತಿ ಸಣ್ಣದಲ್ಲ. ಆದರೂ ಮಲ್ಲಿತಮ್ಮ ತನ್ನ ಕೆಲಸಕ್ಕೆ ದಾಸೋಜನ ಹೆಸರು ಹಾಕಲಿಲ್ಲ. ತನ್ನದನ್ನೇ ಹಾಕಿದ. ಆದ್ದರಿಂದಲೇ ಇಂದು ಅಮೃತಾಪುರದಿಂದ ಸೋಮನಾಥಪುರದವರೆಗೆ ಅವನ ಹೆಸರನ್ನು ಗುರುತಿಸುತ್ತೇವೆ.

ನಿಜ ಹೇಳಿದರೆ ಬೆಲೆ ಬೀಳುತ್ತದೆಂಬುದೂ ಯಾವಾಗಲೂ ಸರಿಯಲ್ಲ. ಎರಿಕ್ ಕ್ಲಾಪ್ಟನ್ ಎಂಬ ಆಂಗ್ಲ ಗಿಟಾರ್ ವಾದಕ 1970ರಲ್ಲಿ ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಆರು ಹಳೆಯ ಸ್ಟ್ರ್ಯಾಟೊಕ್ಯಾಸ್ಟರುಗಳನ್ನು ಅಗ್ಗಕ್ಕೆ ಕೊಂಡ. ಮೂರನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರರ ಒಳ್ಳೊಳ್ಳೆಯ ಭಾಗಗಳನ್ನು ಕೂಡಿಸಿ ಒಂದು ಗಿಟಾರ್ ಮಾಡಿಕೊಂಡ. ಬಣ್ಣ ಕಪ್ಪಾದ್ದರಿಂದ ಅದಕ್ಕೆ 'ಬ್ಲ್ಯಾಕೀ' ಎಂದು ಹೆಸರಾಯಿತು. 2004ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 9,59,500 ಡಾಲರಿಗೆ ಮಾರಾಟವಾಯಿತು. ಹಣ ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಸಂದಿತು. ಮೂರು ಗಿಟಾರುಗಳ ಕೂಡಿಕೆಯೆಂಬುದನ್ನು ಯಾರೂ ಮುಚ್ಚಿಡಲಿಲ್ಲ. ಅದೇ ಅದರ ಕಥೆಯಾಗಿತ್ತು. "ಅವನು ಕ್ಲಾಪ್ಟನ್, ನಾನು ಜಾವಗಲ್ಲಿನ ಆರ್ಕೆಸ್ಟ್ರಾದವನು" ಎಂದು ನೀನು ಹೇಳುವೆ. ನಿಜ. ನಿನ್ನ ಗಿಟಾರಿಗೆ ಲಕ್ಷಗಟ್ಟಲೆ ಬರುವುದಿಲ್ಲ. ಆದರೆ ಹನ್ನೆರಡು ವರ್ಷ ಕಿವಿಗೊಟ್ಟು ಒಂದೊಂದೇ ಭಾಗವನ್ನು ಆರಿಸಿದ ಶ್ರಮ ನಿನ್ನದು. ಚೀಟಿ ಅಂಟಿಸಿದ ಕ್ಷಣ ಆ ಶ್ರಮವನ್ನೂ ಕಾರ್ಖಾನೆಗೆ ಬರೆದುಕೊಟ್ಟಂತಾಗುತ್ತದೆ.

ನೀನು ಅಂದು ಕೇಳಿದ ಒಕ್ಕಣೆಯನ್ನು ಈಗ ಬರೆದಿಟ್ಟಿದ್ದೇನೆ:

"ಮಾರಾಟಕ್ಕಿದೆ: ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಫೆಂಡರ್ ಕಂಪನಿಯ ತಯಾರಿಕೆಯಲ್ಲ. ಬಿಡಿ ಭಾಗಗಳಿಂದ ನಾನೇ ಜೋಡಿಸಿದ್ದು. ಒಡಲು ಬೆಂಗಳೂರಿನಲ್ಲಿ ಮಾಡಿಸಿದ್ದು. ಕತ್ತು ಬೇರೆಯವರಿಂದ ಕೊಂಡದ್ದು, ಬೀಟೆಯ ಹಲಗೆ. ಪಿಕಪ್ಪುಗಳು ಎರಡು ಕಂಪನಿಯವು. ಕುದುರೆ ಹಳೆಯ ಗಿಟಾರಿನದು. ಹಿಂದಿನ ತಗಡು ಮಾತ್ರ ಫೆಂಡರಿನದು. ಅದರ ಮೇಲಿನ ಸಂಖ್ಯೆ ಈ ಗಿಟಾರಿಗೆ ಸೇರಿದ್ದಲ್ಲ. ಹನ್ನೆರಡು ವರ್ಷ ವೇದಿಕೆಯ ಮೇಲೆ ನುಡಿಸಿದ್ದೇನೆ. ಬಿಚ್ಚಿ ನೋಡಬಹುದು, ನುಡಿಸಿ ನೋಡಬಹುದು. ಬೆಲೆ ಇಪ್ಪತ್ತೆರಡು ಸಾವಿರ."

ಕೆಳಗೆ ನಿನ್ನ ಹೆಸರಿಗೆ ಜಾಗ ಬಿಟ್ಟಿದ್ದೇನೆ. ಮಗಳ ಶುಲ್ಕಕ್ಕೆ ಕೊರೆಯಾಗುವುದರಲ್ಲಿ ಒಂದಷ್ಟನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ. ಅವಳು ಕೆಲಸಕ್ಕೆ ಸೇರಿದ ಮೇಲೆ ತೀರಿಸಲಿ. ಇದು ದಾನವಲ್ಲ, ಸಾಲ. ಅಂದಿನ ನೂರನಲವತ್ತು ರೂಪಾಯಿಯನ್ನು ಕೊಡಬೇಕಾದವರಿಗೆ ಇನ್ನು ಕೊಡಲಾರೆ.

ಉಳಿದ ಶಿಷ್ಯರೂ ಬಂಧುಗಳೂ ಇದನ್ನು ಓದಿ ನನ್ನನ್ನು ಏನೆಂದುಕೊಂಡರೂ ಸರಿಯೇ. ಗೊತ್ತಿತ್ತು. ಫೋರ್ಕು ಆ ಕಂಪನಿಯದಲ್ಲವೆಂದು ನನಗೆ ಗೊತ್ತಿತ್ತು.