ವಸ್ತುಚಿತ್ರ, ಸ್ಮರಣಚಿತ್ರ

ಕಳೆದ ಚಳಿಗಾಲದ ಒಂದು ಭಾನುವಾರ ನಾಶಿಕದ ನಾವು ಕೆಲವರು ಛತ್ರಪತಿ ಸಂಭಾಜಿನಗರಕ್ಕೆ ಹೋಗಿ, ಅಲ್ಲಿನ ಕನ್ನಡದ ಗೆಳೆಯರೊಡನೆ ಬೀಬಿ ಕಾ ಮಕ್ಬರಾದ ಎದುರು ಚಿತ್ರ ಬರೆಯಲು ಕುಳಿತೆವು. ನಮ್ಮಲ್ಲಿ ವೃತ್ತಿಯ ಕಲಾವಿದರು ಯಾರೂ ಇಲ್ಲ. ನಿವೃತ್ತರು, ಕಾರ್ಖಾನೆಯ ಇಂಜಿನಿಯರುಗಳು, ಒಬ್ಬ ಶಿಕ್ಷಕಿ. ಜೊತೆಗೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಒಂದು ಗಂಟೆಯ ಬಳಿಕ ಹಾಳೆಗಳನ್ನು ಸಾಲಾಗಿ ಇಟ್ಟಾಗ ಹಿರಿಯರೆಲ್ಲ ವಾಡಿಕೆಯಂತೆ ‘ಭಾಳ ಛಲೋ ಆಗೇದ’ ಎಂದು ಪರಸ್ಪರ ಹೊಗಳಿಕೊಂಡೆವು. ಹುಡುಗಿ ಮಾತ್ರ ಒಮ್ಮೆ ಕಟ್ಟಡವನ್ನೂ ಒಮ್ಮೆ ನಮ್ಮಲ್ಲೊಬ್ಬರ ಹಾಳೆಯನ್ನೂ ನೋಡಿ, ‘ಕಾಕಾ, ಇದು ವಸ್ತುಚಿತ್ರ ಅಲ್ಲ, ಸ್ಮರಣಚಿತ್ರ. ನೀವು ತೆಗದದ್ದು ತಾಜಮಹಲ್’ ಎಂದಳು.

ಮಹಾರಾಷ್ಟ್ರದಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಈ ಎರಡು ಪದಗಳ ಪರಿಚಯವಿದ್ದೀತು. ಇಲ್ಲಿನ ಶಾಲಾಮಕ್ಕಳು ಬರೆಯುವ ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆಯಲ್ಲಿ ಅವೆರಡೂ ಬೇರೆ ಬೇರೆ ಪತ್ರಿಕೆಗಳು. ವಸ್ತುಚಿತ್ರವೆಂದರೆ ಎದುರಿಗಿಟ್ಟದ್ದನ್ನು ಕಂಡಂತೆ ಬರೆಯುವುದು. ಸ್ಮರಣಚಿತ್ರವೆಂದರೆ ನೆನಪಿನಿಂದ ಬರೆಯುವುದು. ನಮ್ಮೂರಿನ ಲೋವರ್, ಹೈಯರ್ ಪರೀಕ್ಷೆಗಳಿಗೆ ಕುಳಿತ ನೆನಪುಳ್ಳವರೂ ನಮ್ಮ ಗುಂಪಿನಲ್ಲಿದ್ದರು. ಆದರೂ ಸಿಕ್ಕಿಬಿದ್ದೆವು.

ಹುಡುಗಿಯ ಮಾತು ನಿಜವಾಗಿತ್ತು. ಔರಂಗಜೇಬನ ಪತ್ನಿ ದಿಲ್ರಸ್ ಬಾನು ಬೇಗಂಳ ಈ ಗೋರಿ ತಾಜಮಹಲಿನ ಹೋಲಿಕೆಯಲ್ಲಿ ಕಟ್ಟಿದ್ದು; ಆದರೆ ಅಳತೆಯಲ್ಲಿ ಬಹಳ ಚಿಕ್ಕದು. ನಡುವಿನ ಕಟ್ಟಡ ಕಿರಿದಾಗಿರುವುದರಿಂದ ನಾಲ್ಕು ಮಿನಾರುಗಳು ಅದನ್ನು ಒತ್ತರಿಸಿ ನಿಂತಂತೆ ಕಾಣುತ್ತವೆ. ಅಮೃತಶಿಲೆ ಇರುವುದು ಗೋಡೆಯ ಬುಡದಲ್ಲಿ ಮತ್ತು ಗುಮ್ಮಟದಲ್ಲಿ; ನಡುವೆ ಗಾರೆಯ ಗೋಡೆ. ನಾವೋ ಮಿನಾರುಗಳನ್ನು ದೂರ ಸರಿಸಿ, ಗುಮ್ಮಟವನ್ನು ಹಿಗ್ಗಿಸಿ, ಕ್ಯಾಲೆಂಡರಿನಲ್ಲಿ ನೋಡಿದ್ದ ಆಗ್ರಾವನ್ನು ಬರೆದು ಎದ್ದಿದ್ದೆವು. ಅದೂ ಒಬ್ಬರಲ್ಲ, ಬಹುಮಂದಿ.

ಹೊಗಳಿಕೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಹೊರನಾಡಿನ ಸಣ್ಣ ಕನ್ನಡ ಬಳಗದಲ್ಲಿ ಒಬ್ಬರ ಮನಸ್ಸು ನೋಯಿಸಲು ಎಲ್ಲರೂ ಹಿಂಜರಿಯುತ್ತೇವೆ. ಇರುವವರೇ ಹತ್ತು ಮನೆ, ಮುಂದಿನ ಯುಗಾದಿಗೆ ಮತ್ತೆ ಅದೇ ಮುಖಗಳು. ನಮ್ಮ ಹಿರಿಯ ಸದಸ್ಯರೊಬ್ಬರು ನಾಲ್ಕು ವರ್ಷ ತಮ್ಮ ಚಿತ್ರದ ಪುಸ್ತಕವನ್ನು ನಮ್ಮ ಮುಂದೆ ತೆರೆದಿಟ್ಟರು. ನಾಲ್ಕು ವರ್ಷವೂ ನಾವು ಚೆನ್ನಾಗಿದೆ ಎಂದೆವು. ಆಮೇಲೆ ಅವರು ಒಂದು ಪ್ರದರ್ಶನಕ್ಕೆ ಚಿತ್ರಗಳನ್ನು ಕಳಿಸಿದರು, ಎಲ್ಲವೂ ಹಿಂದಿರುಗಿದವು. ‘ಮನೆಗಳೆಲ್ಲ ಹಿಂದಕ್ಕೆ ವಾಲಿವೆ ಅಂತ ಅಲ್ಲಿಯವರು ಒಂದೇ ನಿಮಿಷದಲ್ಲಿ ಹೇಳಿದರು. ನಿಮಗ್ಯಾರಿಗೂ ಕಾಣಲಿಲ್ಲವೇ?’ ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಕಂಡಿತ್ತು ಎಂಬುದೇ ಉತ್ತರ. ಅವರು ಏಳು ತಿಂಗಳು ನಮ್ಮ ಕಡೆ ಬರಲಿಲ್ಲ.

ಇದಕ್ಕೆ ಮದ್ದು ಕಟುವಿಮರ್ಶೆಯಲ್ಲ; ಅದನ್ನೂ ಒಂದೆರಡು ವಾರ ಮಾಡಿ ನೋಡಿ ಮುಖ ತಿರುಗಿಸಿಕೊಂಡದ್ದುಂಟು. ನಮಗನಿಸುವುದಿಷ್ಟು: ವಸ್ತುಚಿತ್ರದ ಅಭ್ಯಾಸದಲ್ಲಿ ಒಂದು ದೊಡ್ಡ ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ. ಅಲ್ಲಿ ಬರೆದವರು ಮತ್ತು ನೋಡುವವರ ನಡುವೆ ವಸ್ತು ಕುಳಿತಿರುತ್ತದೆ. ‘ಮಿನಾರು ಸರಿಯಾಗಿಲ್ಲ’ ಎಂಬುದು ತೀರ್ಪು. ‘ಗುಮ್ಮಟದಿಂದ ಮಿನಾರಿಗೆ ಎಷ್ಟು ದೂರ, ಅಳೆದು ನೋಡಿದಿರಾ?’ ಎಂಬುದು ಇಬ್ಬರೂ ಎದ್ದುಹೋಗಿ ಪರಿಶೀಲಿಸಬಹುದಾದ ಪ್ರಶ್ನೆ. ತೋಳನ್ನು ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿನಿಂದ ಗುರುತು ಹಿಡಿದರೆ ಸಾಕು, ಅಳತೆ ಸಿಗುತ್ತದೆ. ಹದಿನಾಲ್ಕರ ಹುಡುಗಿ ಅರವತ್ತೈದರ ಹಿರಿಯರನ್ನು ತಿದ್ದಬಹುದು. ಅವಮಾನ ಯಾರಿಗೂ ಇಲ್ಲ, ಏಕೆಂದರೆ ತಿದ್ದುವುದು ಮಕ್ಬರಾ.

ಆಮೇಲೆ ನಾವು ನಾಶಿಕಕ್ಕೆ ಮರಳಿ ಮಕ್ಬರಾ ಬಿಟ್ಟು ತಂಬಿಗೆ ಹಿಡಿದೆವು. ವಾರಕ್ಕೊಮ್ಮೆ ಅದೇ ಹಿತ್ತಾಳೆ ತಂಬಿಗೆ ಮೇಜಿನ ಮೇಲೆ. ಮೊದಲ ವಾರ ಎಲ್ಲರ ತಂಬಿಗೆಯ ಬಾಯಿಯೂ ಎರಡು ತುದಿಗಳಲ್ಲಿ ಮೀನಿನ ಕಣ್ಣಿನಂತೆ ಚೂಪು. ತಳವಂತೂ ನೇರ ಗೆರೆ. ಮೇಜು ಸಪಾಟಾಗಿದೆ ಎಂಬ ತಿಳಿವಳಿಕೆ ಕೈಯನ್ನು ನಡೆಸಿತ್ತು. ಕುಳಿತು ನೋಡಿದರೆ ಕಣ್ಣಿನ ಮಟ್ಟಕ್ಕೆ ಹತ್ತಿರವಿರುವ ಬಾಯಿ ಚಪ್ಪಟೆಯಾಗಿಯೂ ಅದಕ್ಕಿಂತ ಕೆಳಗಿರುವ ತಳದ ಅಂಚು ಹೆಚ್ಚು ಬಾಗಿಯೂ ಕಾಣುತ್ತದೆ. ಇದನ್ನು ಪಕ್ಕದವರ ಹಾಳೆಯಲ್ಲಿ ಕಂಡುಹಿಡಿಯುವುದು ಸುಲಭ, ತನ್ನದರಲ್ಲಿ ಕಷ್ಟ. ಪಕ್ಕದವರ ತಪ್ಪು ತೋರಿಸಿ ತನ್ನ ಜಾಗಕ್ಕೆ ಮರಳಿದಾಗ ಅದೇ ತಪ್ಪು ತನ್ನ ಹಾಳೆಯಲ್ಲೂ ಕಾಣತೊಡಗುತ್ತದೆ. ಹಾಳೆಯನ್ನು ತಲೆಕೆಳಗು ಹಿಡಿಯುವುದು, ಕನ್ನಡಿಯಲ್ಲಿ ನೋಡುವುದು, ಇವೂ ಇದೇ ಕೆಲಸ ಮಾಡುತ್ತವೆ. ಆದರೆ ಕನ್ನಡಿ ಪ್ರಶ್ನೆ ಕೇಳುವುದಿಲ್ಲ.

ಕೆ.ಕೆ. ಹೆಬ್ಬಾರರ ನೃತ್ಯರೇಖೆಗಳನ್ನು ತೋರಿಸಿ, ‘ಅವರೇನು ಹೆಬ್ಬೆರಳಿನಿಂದ ಅಳೆದರೇ?’ ಎಂದು ಕೇಳುವ ಗೆಳೆಯರಿದ್ದಾರೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದವರು. ಅಳೆಯುವುದು ಗೊತ್ತಿದ್ದು ಬಿಟ್ಟವರಿಗೂ ಗೊತ್ತಿಲ್ಲದೆ ಬಿಟ್ಟ ನಮಗೂ ವ್ಯತ್ಯಾಸವಿದೆ.

ಸಂಭಾಜಿನಗರದಿಂದ ಸುಮಾರು 100 ಕಿ.ಮೀ. ದೂರದ ಅಜಂತೆಯಲ್ಲಿ ನಮ್ಮವರೊಬ್ಬರು ಇದೇ ಅಭ್ಯಾಸಕ್ಕೆ ಕುಳಿತಿದ್ದರು. ಹಿಂದೆ ಮಾಡಿದ್ದ ಪ್ರತಿಗಳಲ್ಲಿ ಹಲವು ಲಂಡನ್ನಿನಲ್ಲಿ 1866 ಮತ್ತು 1885ರ ಬೆಂಕಿಗಳಲ್ಲಿ ಸುಟ್ಟುಹೋಗಿದ್ದವು. 1909ರಿಂದ 1911ರ ನಡುವೆ ಲೇಡಿ ಹೆರಿಂಗ್ಹಂ ಹೊಸ ಪ್ರತಿಗಳಿಗೆಂದು ತಂಡ ಕಟ್ಟಿದಾಗ ನಂದಲಾಲ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದವರ ಜೊತೆಗೆ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಎಲ್ಲರೂ ಆಗಿನ್ನೂ ಕಿರಿಯರು. ಅವರು ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರೋ, ಆದರೆ ಪಕ್ಕದವನ ಗೆರೆ ತಪ್ಪಿದಾಗ ತೋರಿಸಲು ಎದುರಿಗೆ ಗೋಡೆಯೇ ಇತ್ತು ಎಂಬುದು ನಮಗೆ ಅಸೂಯೆ ತರಿಸುವ ಸಂಗತಿ. ನಮ್ಮ ಕವಿಗೋಷ್ಠಿಗಳಲ್ಲಿ ಅಂಥ ಗೋಡೆಯಿಲ್ಲ; ಅದಕ್ಕೇ ಅಲ್ಲಿ ಚಪ್ಪಾಳೆ ಇಷ್ಟು ಧಾರಾಳ. (ಈ ಮಾತಿಗೆ ಬಳಗದ ಕವಿಗಳಿಂದ ಆಕ್ಷೇಪ ಬಂದರೆ ಸ್ವಾಗತ.)

ಈಗ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಮುಗಿದ ಚಿತ್ರವನ್ನು ತರುವಂತಿಲ್ಲ, ಅರ್ಧವಾದದ್ದನ್ನೇ ತರಬೇಕು; ಮುಗಿದದ್ದಕ್ಕೆ ಹೊಗಳಿಕೆ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ನೋಡುವವರು ‘ಚೆನ್ನಾಗಿದೆ’ ಎನ್ನದೆ ಕಂಡ ಒಂದೇ ಸಂಗತಿಯನ್ನು ಹೇಳಿ, ಅಳತೆ ತೋರಿಸಬೇಕು. ಮುನಿಸಿಕೊಂಡಿದ್ದ ಹಿರಿಯರನ್ನು ಹುಡುಗಿಯೇ ಮನೆಗೆ ಹೋಗಿ ಕರೆತಂದಳು. ಹೋದ ಭಾನುವಾರ ಗೋದಾವರಿಯ ಘಟ್ಟದಲ್ಲಿ ಅವರು ಬರೆದ ಮನೆಗಳು ಇನ್ನೂ ಕೊಂಚ ವಾಲಿದ್ದವು. ಹೇಳಿದೆವು. ಅವರು ಪೆನ್ಸಿಲನ್ನು ಲಂಬವಾಗಿ ಹಿಡಿದು ಎದುರಿನ ಗೋಡೆಯ ಅಂಚಿಗೆ ಹೊಂದಿಸಿ ನೋಡಿದರು, ರಬ್ಬರ್ ಕೇಳಿದರು.