ಮೂವತ್ತೈದನೆಯ ಸೆಕೆಂಡಿನ ಚಿತ್ರ

ಮನುಷ್ಯನ ಒಳಾಂಗಗಳಲ್ಲೆಲ್ಲ ಯಕೃತ್ತೇ ದೊಡ್ಡದು. ವಯಸ್ಕರಲ್ಲಿ ಅದು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಇಷ್ಟು ದೊಡ್ಡ ಅಂಗಕ್ಕೆ ತನ್ನ ನೋವನ್ನು ಹೇಳಿಕೊಳ್ಳಲು ಬಾರದು. ನೋವನ್ನು ಅರಿಯುವ ನರಗಳಿರುವುದು ಅದರ ಹೊರಪೊರೆಯಲ್ಲಿ, ಒಳಗಿನ ತಿರುಳಿನಲ್ಲಲ್ಲ. ಹೀಗಾಗಿ ಒಳಗೊಂದು ಗಡ್ಡೆ ಬೆಳೆಯುತ್ತಿದ್ದರೂ ಬಹುಕಾಲ ಸುಳಿವೇ ಸಿಗದಿರಬಹುದು. ಇನ್ನು ಕೆಲವೊಮ್ಮೆ ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ‘ಯಕೃತ್ತಿನಲ್ಲಿ ಒಂದು ಮಚ್ಚೆ ಇದೆ’ ಎಂದು ವರದಿ ಬಂದು ಮನೆಮಂದಿಯ ನಿದ್ದೆ ಕೆಡುತ್ತದೆ. ಹೀಗೆ ಅಕಸ್ಮಾತ್ತಾಗಿ ಕಾಣುವ ಮಚ್ಚೆಗಳಲ್ಲಿ ಬಹುಪಾಲು ನಿರಪಾಯಕಾರಿ: ನೀರು ತುಂಬಿದ ಗುಳ್ಳೆ, ಇಲ್ಲವೇ ರಕ್ತನಾಳಗಳ ಗೊಂಚಲು. ಕೆಲವು ಮಾತ್ರ ಕ್ಯಾನ್ಸರ್. ಯಾವುದು ಯಾವುದೆಂದು ಹೊಟ್ಟೆ ಕೊಯ್ಯದೆ ತಿಳಿಯುವುದು ಹೇಗೆ?

ಸಿ.ಟಿ. ಸ್ಕ್ಯಾನ್ ದೇಹದ ಸುತ್ತ ತಿರುಗುತ್ತ ಕ್ಷಕಿರಣ ಹಾಯಿಸಿ, ಕಂಪ್ಯೂಟರಿನ ಲೆಕ್ಕಾಚಾರದಿಂದ ಅಡ್ಡಹೋಳಿನ ಚಿತ್ರ ಕೊಡುವ ಯಂತ್ರ. ಇದನ್ನು ರೂಪಿಸಿದ ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ವಿಶ್ವವಿದ್ಯಾಲಯದ ಪದವಿಯೂ ಇಲ್ಲದ ಎಂಜಿನಿಯರ್. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಈ ಯಂತ್ರ ಚಿತ್ರಿಸಿತು. 1979ರಲ್ಲಿ ಅವರಿಗೂ, ಇದರ ಗಣಿತವನ್ನು ಮೊದಲೇ ಬಿಡಿಸಿದ್ದ ಅಲನ್ ಕಾರ್ಮ್ಯಾಕ್‌ಗೂ ನೊಬೆಲ್ ಬಂತು.

ಯಕೃತ್ತಿನ ವಿಷಯದಲ್ಲಿ ಮಾತ್ರ ಬರೀ ಯಂತ್ರ ಸಾಲದು. ನೀರನ್ನು ಸೊನ್ನೆ, ಗಾಳಿಯನ್ನು ಮೈನಸ್ 1000 ಎಂದು ಹಿಡಿದ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ಆರೋಗ್ಯವಾದ ಯಕೃತ್ತು ಸುಮಾರು 60. ಎಷ್ಟೋ ಗಡ್ಡೆಗಳದೂ ಅದರ ಆಸುಪಾಸೇ. ಬೂದು ಗೋಡೆಯ ಮೇಲೆ ಬೂದು ಹಲ್ಲಿಯನ್ನು ಹುಡುಕಿದಂತೆ!

ದಾರಿ ತೋರಿಸಿದ್ದು ಯಕೃತ್ತಿನದೇ ಒಂದು ವೈಚಿತ್ರ್ಯ. ಅದು ಎರಡು ಕಾಲುವೆಗಳಿಂದ ನೀರುಣ್ಣುವ ಹೊಲ. ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯಲ್ಲಿ ಬರುತ್ತದೆ. ಕಾಲು ಪಾಲು ಮಾತ್ರ ಧಮನಿಯಲ್ಲಿ. ಆದರೆ ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಧಮನಿಯ ರಕ್ತವನ್ನೇ ಕುಡಿದು ಬೆಳೆಯುತ್ತದೆ. ತೋಳಿನ ರಕ್ತನಾಳಕ್ಕೆ ಅಯೋಡಿನ್ ಇರುವ ದ್ರಾವಣವನ್ನು ರಭಸವಾಗಿ ಚುಚ್ಚಿದರೆ ಅದು ಹೃದಯ, ಶ್ವಾಸಕೋಶ ದಾಟಿ ಮೊದಲು ಧಮನಿಯ ಮೂಲಕ ಬರುತ್ತದೆ. ಕರುಳು, ಗುಲ್ಮಗಳನ್ನು ಸುತ್ತಿ ಪೋರ್ಟಲ್ ಕಾಲುವೆಗೆ ಬರುವುದು ಆಮೇಲೆ. ಅಯೋಡಿನ್ ಕ್ಷಕಿರಣವನ್ನು ಹೀರಿಕೊಳ್ಳುವುದರಿಂದ ಅದು ಹೋದಲ್ಲೆಲ್ಲ ಚಿತ್ರ ಬೆಳ್ಳಗಾಗುತ್ತದೆ.

ಹಾಗಾಗಿ ಸುಮಾರು 35ನೆಯ ಸೆಕೆಂಡಿಗೆ ತೆಗೆದ ಚಿತ್ರದಲ್ಲಿ ಇಂಥ ಗಡ್ಡೆ ಹೊಳೆಯುತ್ತದೆ, ಸುತ್ತಲಿನ ಯಕೃತ್ತು ಇನ್ನೂ ಮಂಕು. 70ನೆಯ ಸೆಕೆಂಡಿನ ಹೊತ್ತಿಗೆ ಯಕೃತ್ತೆಲ್ಲ ಬೆಳಗುತ್ತದೆ. ಆಗ, ಇಲ್ಲವೇ ಮೂರು-ನಾಲ್ಕು ನಿಮಿಷದ ನಂತರದ ಚಿತ್ರದಲ್ಲಿ ಗಡ್ಡೆಯ ಬಿಳುಪು ತೊಳೆದುಹೋಗಿ ಅದೇ ಕಪ್ಪಾಗಿ ಕಾಣುತ್ತದೆ. ರಕ್ತನಾಳದ ಗೊಂಚಲಿನ ನಡತೆ ಬೇರೆ: ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ನೀರುಗುಳ್ಳೆ ಬಣ್ಣವನ್ನೇ ಹೀರದು. ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದ್ದರೆ 70ನೆಯ ಸೆಕೆಂಡಿನ ಚಿತ್ರವೇ ಅದನ್ನು ಚೆನ್ನಾಗಿ ತೋರಿಸುತ್ತದೆ. ‘ಒಂದೇ ಹೊಟ್ಟೆಗೆ ಮೂರು-ನಾಲ್ಕು ಸಲ ಸ್ಕ್ಯಾನ್ ಏಕೆ, ಬಿಲ್ ಬೆಳೆಸಲೇ?’ ಎಂದು ಅನುಮಾನಿಸುವ ಬಂಧುಗಳಿಗೆ ಉತ್ತರ ಇಲ್ಲಿದೆ.

ಈ ಸಮಯಪಾಲನೆ ಮೊದಲು ಸಾಧ್ಯವಿರಲಿಲ್ಲ. ಹಳೆಯ ಯಂತ್ರಗಳು ಒಂದೊಂದೇ ಹೋಳಿನ ಚಿತ್ರ ತೆಗೆಯುತ್ತಿದ್ದವು. ನಡುವೆ ರೋಗಿ ಉಸಿರಾಡಿದರೆ ಯಕೃತ್ತು ಮೇಲೆ ಕೆಳಗೆ ಸರಿದು, ಸಣ್ಣ ಗಡ್ಡೆ ಎರಡು ಹೋಳುಗಳ ಸಂದಿಯಲ್ಲಿ ತಪ್ಪಿಸಿಕೊಳ್ಳುತ್ತಿತ್ತು. 1989ರ ಹೊತ್ತಿಗೆ ಬಂದ ಸುರುಳಿ ಸ್ಕ್ಯಾನ್‌ನಲ್ಲಿ ಯಂತ್ರ ತಿರುಗುತ್ತಿರುವಂತೆಯೇ ಮಂಚವೂ ಸರಿಯುತ್ತದೆ. ಈಗಿನ ಯಂತ್ರಗಳಿಗೆ ಇಡೀ ಯಕೃತ್ತಿಗೆ ಕೆಲವೇ ಸೆಕೆಂಡು ಸಾಕು. ಕ್ಷಕಿರಣದ ಫೋಟಾನುಗಳನ್ನು ಒಂದೊಂದಾಗಿ ಎಣಿಸಿ ಅವುಗಳ ಶಕ್ತಿಯನ್ನೂ ಅಳೆಯುವ ಯಂತ್ರಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಅಯೋಡಿನ್ನನ್ನು ಇತರ ವಸ್ತುಗಳಿಂದ ಬೇರ್ಪಡಿಸಿ ತೋರಿಸಬಲ್ಲದು.

ಇದರಿಂದ ಆದ ದೊಡ್ಡ ಲಾಭವೆಂದರೆ ಸೂಜಿಯ ಕಾಟ ತಪ್ಪಿದ್ದು. ಸಿರೋಸಿಸ್ ರೋಗಿಯಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ ಹೀಗೆ ಮೊದಲು ಹೊಳೆದು ಆಮೇಲೆ ಕಪ್ಪಾದರೆ, ಬಹಳಷ್ಟು ಸಲ ತುಣುಕು ತೆಗೆದು ಪರೀಕ್ಷಿಸದೆಯೇ ವೈದ್ಯರು ಕ್ಯಾನ್ಸರ್ ಎಂದು ನಿರ್ಧರಿಸುತ್ತಾರೆ. ಅದಕ್ಕಿಂತ ಚಿಕ್ಕದಾದರೆ ಸಿ.ಟಿ.ಯೂ ತಡವರಿಸುತ್ತದೆ. ಆಗ ಎಂ.ಆರ್.ಐ. ಬೇಕಾಗಬಹುದು.

ಪ್ರತಿ ಸಲದ ಚಿತ್ರಕ್ಕೂ ವಿಕಿರಣ ಬೀಳುತ್ತದೆಂಬುದು ನಿಜ. ಮಕ್ಕಳಲ್ಲಿ ಅಲ್ಟ್ರಾಸೌಂಡ್ ಮೊದಲು ಮಾಡುವುದು ಇದಕ್ಕಾಗಿಯೇ. ಮೂತ್ರಪಿಂಡದ ತೊಂದರೆಯಾಗಲಿ, ಹಿಂದೆ ಈ ಚುಚ್ಚುಮದ್ದು ಒಗ್ಗದೆ ಹೋಗಿದ್ದಾಗಲಿ ಮೊದಲೇ ತಿಳಿಸಬೇಕು. ಮನೆಯ ಬೀರುವಿನಲ್ಲಿ ಹಳೆಯ ಸ್ಕ್ಯಾನ್ ಇದ್ದರೆ ಅದನ್ನೂ ಒಯ್ಯುವುದು ಒಳ್ಳೆಯದು. ಎರಡು ವರ್ಷದ ಹಿಂದೆ ಎಷ್ಟಿತ್ತೋ ಇಂದೂ ಅಷ್ಟೇ ಇರುವ ಮಚ್ಚೆ, ಹೊಸ ಯಂತ್ರ ಹೇಳದ ಎಷ್ಟನ್ನೋ ಹೇಳುತ್ತದೆ.